ಅಪ್ಪನ ದನಿಗೊಂದು ಪ್ರೋಗ್ರಾಂ

ಮಾರ್ಚ್ 4, ಬೆಳಗ್ಗೆ 8.30

ಕೋಡ್ ಬರೆಯುವ ಎಡಿಟರ್ ಮತ್ತೆ ಅಪ್‌ಡೇಟ್ ಕೇಳಿತು. ಕೊಟ್ಟೆ. ಬಟನ್‌ಗಳೆಲ್ಲ ದಿಕ್ಕಾಪಾಲು. ಅಡುಗೆಮನೆಯ ಡಬ್ಬಿಗಳನ್ನು ಯಾರೋ ಅದಲುಬದಲು ಮಾಡಿ ಹೋದ ಹಾಗೆ. ಓಡುತ್ತಿರುವುದನ್ನು ಮುಟ್ಟಬಾರದು ಎನ್ನುವವಳು ನಾನು. ಅದಕ್ಕೇ ಆಫೀಸಿನಲ್ಲಿ ನನ್ನ ಹೆಸರು ‘ಅಜ್ಜಿ’. ಇರಲಿ.

ಹಾಲ್‌ಗೆ ಮಾತು ಕೇಳುವ ಸ್ಪೀಕರ್ ತಂದಿಟ್ಟೆ. ದೀಪ, ಫ್ಯಾನ್ ಎಲ್ಲ ಅದರ ಕೈಯಲ್ಲಿ. ಸ್ಟ್ರೋಕ್ ಆದಮೇಲೆ ಅಪ್ಪನಿಗೆ ಕುರ್ಚಿಯಿಂದ ಏಳುವುದೇ ದೊಡ್ಡ ಕೆಲಸ. ಕೂತಲ್ಲೇ ಆಗಲಿ ಎಂದು.

ಮಾರ್ಚ್ 6

ಎಡವಟ್ಟಾಯಿತು. ಅಪ್ಪನ ನಾಲಿಗೆ ಇನ್ನೂ ತೊದಲುತ್ತದೆ. “ಫ್ಯಾನ್ ಹಾಕು” ಎಂದರು. “ಕ್ಷಮಿಸಿ, ಅರ್ಥವಾಗಲಿಲ್ಲ.” ನಾಲ್ಕು ಸಲ. ಐದನೆಯ ಸಲಕ್ಕೆ ಮಕ್ಕಳ ಹಾಡು ಹಾಕಿತು.

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ಒಂದು ಕೂಗು ಹಾಕಿದರೆ ಡ್ರೈವರ್ ಕಾಲು ಬ್ರೇಕಿನ ಮೇಲೆ. ಅಂಥ ಗಂಟಲಿಗೆ ಈ ಡಬ್ಬಿ ಕ್ಷಮೆ ಕೇಳುತ್ತದೆ... ಅಪ್ಪ ಟವೆಲ್ ಎತ್ತಿ ಅದರ ಮೇಲೆ ಮುಸುಕು ಹಾಕಿದರು.

“ದುಡ್ಡು ಕೊಟ್ಟು ಅವಮಾನ ತಂದ್ಯಲ್ಲೇ,” ಎಂದಳು ಅಮ್ಮ.

ಮಾರ್ಚ್ 15

ಒಂಬತ್ತು ದಿನದಿಂದ ಅಪ್ಪ ಮಾತಾಡಿಲ್ಲ. ನಮ್ಮೊಡನೆಯೂ. ಎಲ್ಲ ಕೈಸನ್ನೆ. ಮಾತಿನ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಫೋನಿನಲ್ಲಿ ಎಚ್ಚರಿಸಿದರು — “ಈಗ ಬಾಯಿ ಮುಚ್ಕೊಂಡ್ರೆ ಆಮೇಲೆ ತೆರೆಸೋದು ಕಷ್ಟ ಕಣಮ್ಮ.”

ಮಾಡಿದ್ದು ನಾನೇ.

ಮಾರ್ಚ್ 16, ಭಾನುವಾರ

ಅಪ್ಪನ ದನಿಗೆ ಮಾತ್ರ ಕಿವಿಗೊಡುವ ಪ್ರೋಗ್ರಾಂ ಬರೆಯುವುದೆಂದು ತೀರ್ಮಾನಿಸಿದೆ. ಅದಕ್ಕೆ ಅವರ ರೆಕಾರ್ಡಿಂಗ್ ಬೇಕು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

“ಅಪ್ಪಾ, ನೀವು ಅದಕ್ಕೆ ಬೇಕಾದ ಹಾಗೆ ಮಾತಾಡೋದು ಬೇಡ. ಅದೇ ನಿಮ್ಮ ಮಾತು ಕಲೀಲಿ. ಫ್ಯಾನ್ ನಿಲ್ಲಬೇಕಾದ್ರೆ ಏನಂತೀರಿ?”

ಮುಸುಕು ಹಾಕಿದ ಡಬ್ಬಿಯತ್ತ ತಿರುಗಿದರು. ಆಮೇಲೆ —

“ಹೋ... ಲ್ಡಾನ್.”

ಬಸ್ ನಿಲ್ಲಿಸುವ ಮಾತು!

“ತಿರುಗಬೇಕಾದ್ರೆ?”

“ರೈಟ್.”

ಅಮ್ಮ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಮಾರ್ಚ್ 29

ಹನ್ನೆರಡು ದಿನ, ದಿನಕ್ಕೆ ಇಪ್ಪತ್ತರಂತೆ ಇನ್ನೂರ ನಲವತ್ತು ರೆಕಾರ್ಡಿಂಗ್. ಥೆರಪಿಸ್ಟ್ ಗೋಗರೆದರೂ ಮಾಡದ ಅಭ್ಯಾಸವನ್ನು ಡಬ್ಬಿಗೆ ಪಾಠ ಹೇಳುವ ನೆಪದಲ್ಲಿ ಮಾಡುತ್ತಿದ್ದಾರೆ. ನಾನು ಆ ಗುಟ್ಟು ಬಿಟ್ಟುಕೊಟ್ಟಿಲ್ಲ.

ಕೋಡ್ ಮಾತ್ರ ಅಧ್ವಾನ. ತಪ್ಪು ಹಿಡಿಯುವ ಟೆಸ್ಟ್ ಒಂದೂ ಇಲ್ಲ. ಬೇರೆಯವರು ಇಂಥದ್ದು ಬರೆದು ತಂದಿದ್ದರೆ ನಾನೇ ಉಗಿದು ವಾಪಸ್ ಕಳಿಸುತ್ತಿದ್ದೆ. ಹತ್ತು ಸಲ ಹೇಳಿದರೆ ನಾಲ್ಕು ಸಲ ಕೇಳುತ್ತದೆ. ಇವತ್ತು “ರೈಟ್” ಅಂದೊಡನೆ ಫ್ಯಾನ್ ತಿರುಗಿತು. “ಹೋಲ್ಡಾನ್” ಅಂದರೂ ತಿರುಗುತ್ತಲೇ ಇತ್ತು.

“ನಿನ್ ಗಾಡಿಗೆ ಬ್ರೇಕ್ ಸರಿ ಇಲ್ಲ,” ಎಂದರು ಅಪ್ಪ.

ಪೂರ್ತಿ ವಾಕ್ಯ! ಡಬ್ಬಿಗೆ ಅರ್ಥವಾಗಲಿಲ್ಲ. ಅಮ್ಮನಿಗೂ ನನಗೂ ಆಯಿತು.

ಏಪ್ರಿಲ್ 6, ಸಂಜೆ 5

ಅಪ್ಪ ಕೋಲು ಹಿಡಿದು ಒಬ್ಬರೇ ಕ್ಷೌರದಂಗಡಿಗೆ ಹೋಗಿದ್ದಾರೆ. ಜೊತೆಗೆ ಹೊರಟೆ. “ಬೇಡ. ನಾನೇ ಹೇಳ್ತೀನಿ.” ಬೀದಿಯ ತುದಿಯ ಅಂಗಡಿ, ಹೊಸಬ, ಪರಿಚಯವಿಲ್ಲ. ಅಮ್ಮ ಕಿಟಕಿಗೂ ಬಾಗಿಲಿಗೂ ತಿರುಗಾಡುತ್ತಿದ್ದಾಳೆ. ನಾನು ಲ್ಯಾಪ್‌ಟಾಪ್ ನೋಡುವ ನಾಟಕ.

5.50

ಬಂದರು. ಮೀಸೆ ಇಲ್ಲ! ಅಮ್ಮ ಮದುವೆಯಾದಂದಿನಿಂದ ನೋಡಿದ ಮೀಸೆ.

“ಏನ್ರೀ ಇದು!”

“ಮೀಸೆ... ಬಿಡಪ್ಪಾ ಅಂದೆ. ‘ಪೂರ್ತಿನಾ?’ ಅಂದ. ‘ಪೂರ್ತಿ’ ಅಂದೆ. ಬಿಡು ಅಂದದ್ದು ಅವನಿಗೆ... ತೆಗಿ ಅಂತ ಕೇಳಿಸಿದೆ.”

ಮತ್ತೆ ಒಂಬತ್ತು ದಿನ ಮೌನವೇ? ಅಪ್ಪ ಕನ್ನಡಿಯ ಮುಂದೆ ನಿಂತರು. ಬೋಳು ತುಟಿ ಮುಟ್ಟಿಕೊಂಡರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ.

ನಗುತ್ತಿದ್ದಾರೆ. ಬಿದ್ದು ಬಿದ್ದು. ಅಮ್ಮ ಕೂಡ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ಅಷ್ಟೂ ಫೈಲುಗಳಲ್ಲಿ ಈ ಸದ್ದು ಒಂದೂ ಇಲ್ಲ. ರೆಕಾರ್ಡರ್ ಎಲ್ಲಿ —