ಅಂಚಿನ ಬರಹವೂ ಬಂದಿದೆ

ರಾಚೆಸ್ಟರ್,
ಅಕ್ಟೋಬರ್ ೧೪, ೧೯೬೦

ಪ್ರೀತಿಯ ಲುಡ್ವಿಕಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಶಿಕಾಗೊದಲ್ಲಿ ಆಗಲೇ ಚಳಿಗಾಳಿ ಶುರುವಾಗಿರಬೇಕು. ಉಣ್ಣೆಯ ಕಾಲುಚೀಲ ಹಾಕಿಕೋ, ಹಟ ಮಾಡಬೇಡ. ಮೂರು ವರ್ಷದಿಂದ ನೀನು ಒಂದು ಸಾಲೂ ಬರೆದಿಲ್ಲ. ಹೋಗಲಿ ಬಿಡು, ನಾನು ಬರೆದದ್ದನ್ನು ಓದುತ್ತೀಯಲ್ಲ, ಅಷ್ಟು ಸಾಕು. (ಸುಳ್ಳು. ಸಾಲದು.)

ನಮ್ಮ ವಕೀಲರ ಕಚೇರಿಗೆ ನಕಲು ಮಾಡುವ ಹೊಸ ಯಂತ್ರ ಬಂದಿದೆ, ಅಕ್ಕಾ. ನಮ್ಮ ಊರಲ್ಲೇ ತಯಾರಾದದ್ದು! ಬಾಗಿಲಲ್ಲಿ ಹಿಡಿಸದೆ ಕದ ಕಳಚಿ ಒಳಗೆ ತಂದರು. ಇಪ್ಪತ್ತು ವರ್ಷ ಕಾರ್ಬನ್ ಹಾಳೆ ಇಟ್ಟು ಏಳೇಳು ಪ್ರತಿ ಕುಟ್ಟಿದವಳು ನಾನು. ಒಂದಕ್ಷರ ತಪ್ಪಿದರೆ ಏಳರಲ್ಲೂ ಉಜ್ಜಿ ಅಳಿಸಬೇಕು. ಆಮೇಲೆ ಬಂತಲ್ಲ ಒದ್ದೆ ನಕಲಿನ ಯಂತ್ರ, ಅದರ ಹಾಳೆಗಳೋ ಕಂದು ಬಣ್ಣ, ಕೆಟ್ಟ ವಾಸನೆ, ಒಣಗುವಷ್ಟರಲ್ಲಿ ಸುರುಳಿ. ಇದರಲ್ಲಿ ಗಾಜಿನ ಮೇಲೆ ಹಾಳೆ ಕವುಚಿ ಹಾಕಿ ಗುಂಡಿ ಒತ್ತಿದರೆ ಆಯಿತು. ಈಗತಾನೇ ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ಒಣಗಿದ, ಬೆಚ್ಚಗಿನ ಹಾಳೆ ಕೈಗೆ ಬರುತ್ತದೆ. ಜೋಡಿಸಲು ಬಂದ ಮೆಕ್ಯಾನಿಕ್ ನಾನು ಬಾಯಿ ತೆರೆದು ನಿಂತದ್ದು ನೋಡಿ ನಕ್ಕ. "ಬಾಚಣಿಗೆ ತಲೆಗುಜ್ಜಿದ್ರೆ ಕಾಗದದ ಚೂರು ಅಂಟ್ಕೊಳಲ್ವಾ ಮೇಡಂ? ಇಲ್ಲಿ ಕಪ್ಪು ಪುಡಿ ಅಂಟ್ಕೊಳತ್ತೆ, ಅಷ್ಟೇ. ಬಿಸಿಗೆ ಕರಗಿ ಅಲ್ಲೇ ಕೂತ್ಬಿಡತ್ತೆ" ಅಂದ. ಇದನ್ನು ಕಂಡುಹಿಡಿದವರೂ ಕಚೇರಿಯಲ್ಲಿ ನಕಲಿಗಾಗಿ ಒದ್ದಾಡಿ ಬೇಸತ್ತವರಂತೆ. ಕೀಲುನೋವು ಇಟ್ಟುಕೊಂಡೇ ಮನೆಯ ಒಲೆಯ ಮೇಲೆ ಪ್ರಯೋಗಕ್ಕೆಂದು ಗಂಧಕ ಕಾಯಿಸಿ, ಕಂಪನಿಗಳೆಲ್ಲ ಬೇಡವೆಂದರೂ ಬಿಡಲಿಲ್ಲವಂತೆ. ಎಂಥ ಛಲ ನೋಡು! ಭಾನುವಾರ ಚರ್ಚಿನಲ್ಲಿ ಆ ಪುಣ್ಯಾತ್ಮನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ.

ಈಗ ನಮ್ಮ ಜಗಳದ ವಿಷಯ. ಅಮ್ಮ ಹೋದ ಮೇಲೆ ಅವಳ ಅಡುಗೆ ಪುಸ್ತಕ ನನ್ನ ಬಳಿ ಉಳಿಯಿತು. ನೀನು ಕೇಳಿದೆ, ನಾನು ಕೊಡಲಿಲ್ಲ. ಟೈಪ್ ಮಾಡಿ ಕಳಿಸಿದೆ. ಹೊಡೆದುಹಾಕಿದ್ದು, ಅಂಚಿನಲ್ಲಿ ಗೀಚಿದ್ದು ಶುದ್ಧ ಪ್ರತಿಗೆ ಬರಬಾರದು ಎಂಬುದು ನಮ್ಮ ಕಚೇರಿಯ ರೂಢಿ. ಹಾಗಾಗಿ ಅವನ್ನೆಲ್ಲ ಬಿಟ್ಟೆ, ಎಷ್ಟು ಚೊಕ್ಕವಾಗಿದೆ ಎಂದು ಬೀಗಿದೆ ಕೂಡ. ನೀನು ಆ ಕಟ್ಟನ್ನೇ ವಾಪಸ್ ಕಳಿಸಿ, "ಇದ್ರಲ್ಲಿ ಅಮ್ಮ ಎಲ್ಲಿದಾಳೆ? ನಾನೆಲ್ಲಿದೀನಿ?" ಎಂದು ಬರೆದೆ. ಅದೇ ನಿನ್ನ ಕೊನೆಯ ಕಾಗದ. ಏನು ಕೊಬ್ಬು ಇವಳಿಗೆ ಎಂದು ಮೈಯೆಲ್ಲ ಉರಿದುಹೋಗಿತ್ತು.

ಮೊನ್ನೆ ಊಟದ ಬಿಡುವಿನಲ್ಲಿ ಆ ಪುಸ್ತಕವನ್ನು ಗಾಜಿನ ಮೇಲೆ ಕವುಚಿದೆ. ಗಸಗಸೆ ಕೇಕಿನ ಪುಟ ಹೊರಬಂತು. ಅಮ್ಮನ ಓರೆ ಅಕ್ಷರ, ಬೆಣ್ಣೆಯ ಕಲೆ, ಹೆಬ್ಬೆರಳ ಗುರುತು, ಎಲ್ಲ ಇದ್ದದ್ದು ಇದ್ದ ಹಾಗೇ. ಅಂಚಿನಲ್ಲಿ, "ಲುಡ್ವಿಕಾಗೆ ಜ್ವರ ಬಿಡ್ತು. ಎರಡು ತುಂಡು ತಿಂದ್ಲು. ದೇವರು ದೊಡ್ಡವನು." ಯಾವುದು ಬೇಕು, ಯಾವುದು ಬೇಡ ಎಂದು ಯಂತ್ರ ಕೇಳಲೇ ಇಲ್ಲ, ಅಕ್ಕಾ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ನಮ್ಮ ವಕೀಲರು ಪ್ರೂಯಿಟ್ ಬಂದು, "ಇದ್ಯಾವ ಕೇಸು, ಸೆಲಿನಾ?" ಅಂದರು. "ನಮ್ಮನೇದೇ ಸಾರ್, ತಪ್ಪು ನಂದು" ಅಂದೆ. ಅವರು ಪುಟ ನೋಡಿ, "ಉಳಿದದ್ದನ್ನೂ ಮುಗಿಸಿ. ಆಮೇಲೆ ಒಂದಿನ ಆ ಕೇಕ್ ತನ್ನಿ" ಎಂದು ಹೊರಟುಹೋದರು.

ನೂರಾ ಹನ್ನೆರಡು ಪುಟ ಮಾಡಿದೆ. ಅಂಚುಗಳ ತುಂಬ ನೀನೇ. ನಾನಿರುವುದು ಮೂರೇ ಕಡೆ. ಕಚೇರಿಯ ರೂಢಿ ಅಂದೆನಲ್ಲ, ಅದು ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ನನ್ನನ್ನು ಕ್ಷಮಿಸು.

ಭಾವನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ ತಂಗಿ,
ಸೆಲಿನಾ

ಮರೆತೆ ನೋಡು: ಜೊತೆಗೆ ಬಂದ ಪೊಟ್ಟಣಕ್ಕೆ ಕತ್ತರಿ ಹಾಕುವಾಗ ಜೋಪಾನ. ಯಂತ್ರದ ಹಾಳೆಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ನನಗೆ ಅವೇ ಸಾಕು. ನಿನಗೆ ಕಳಿಸಿರುವುದು ಅಮ್ಮನ ಪುಸ್ತಕ.