ಬೆರಳಷ್ಟು ಬಿಗಿಯಾದ ಕಂಕುಳು

ದರ್ಜಿಗಳ ಮುಕ್ತ ತಂತ್ರಾಂಶದ ಉಸ್ತುವಾರಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ತಾವು ಒಂದು ತಪ್ಪನ್ನು ತಿದ್ದಿದ್ದೀರಿ. ಅದರ ಫಲವಾಗಿ ಒಂದು ಆಸ್ಪತ್ರೆಯ ನರ್ಸುಗಳೆಲ್ಲ ಕೈ ಎತ್ತಲಾಗದೆ ನಿಂತಿದ್ದಾರೆ. ಇದೇ ನನ್ನ ದೂರು. ಸಮಿತಿಯ ಚರ್ಚಾಪುಟದಲ್ಲಿ ಹೇಳಿದರೆ ‘ಪರಿಹರಿಸಲಾಗಿದೆ’ ಎಂದು ಮೊಹರು ಒತ್ತಿ ಮುಚ್ಚಿಬಿಡುತ್ತೀರಿ. ಅದಕ್ಕೇ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ವಿಷಯ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನಮ್ಮದು ಸ್ವಯಂಸೇವಕರು ಸೇರಿ ಬರೆದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶ. ಮೈಯಳತೆ ತುಂಬಿದರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ಮುದ್ರಿಸಿಕೊಡುತ್ತದೆ. ಅದರೊಳಗೆ ಬಾಗಿದ ಗೆರೆಗಳ ಲೆಕ್ಕ ಹಾಕುತ್ತಿದ್ದುದು ಹೊರಗಿನವರ ಒಂದು ಲೈಬ್ರರಿ, ಅಂದರೆ ನಾವು ಎರವಲು ತಂದು ಜೋಡಿಸಿಕೊಂಡ ಸಿದ್ಧ ಕೋಡು. ಬರೆದವರು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಹೊಸ ಕಂಪ್ಯೂಟರುಗಳಲ್ಲಿ ಅದು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ತಾವು ಅದನ್ನು ತೆಗೆದು ಬೇರೊಂದನ್ನು ಹಾಕಿದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಆದರೆ ಆ ಹಳೆಯದಕ್ಕೆ ಒಂದು ಚಾಳಿಯಿತ್ತು. ಕಂಕುಳ ಸುತ್ತನ್ನು ಯಾವಾಗಲೂ ಒಂದು ಬೆರಳಷ್ಟು ದೊಡ್ಡದಾಗಿಯೇ ಬಿಡಿಸುತ್ತಿತ್ತು. ದರ್ಜಿಗಳು ಗೊಣಗಲಿಲ್ಲ. ಅಳತೆ ತುಂಬುವಾಗಲೇ ಬೆರಳಷ್ಟು ಕಡಿಮೆ ಬರೆದರು, ಅಂಗಿ ಸರಿಯಾಗಿ ಕೂತಿತು. ಹೊಸಬರಿಗೆ ಅದೇ ಮೊದಲ ಪಾಠವಾಯಿತು. ಇದನ್ನು ಯಾರೋ ದಾರಿಹೋಕರು ಕಲಿಸಿದ್ದಲ್ಲ ಸ್ವಾಮಿ! ತಮ್ಮದೇ ಸಹಾಯಪುಟದಲ್ಲಿ, ದಪ್ಪಕ್ಷರದಲ್ಲಿ, ‘ಕಂಕುಳಿಗೆ ಬೆರಳಷ್ಟು ಕಡಿಮೆ ಬರೆಯಿರಿ’ ಎಂದಿತ್ತು. ಹೊಸ ಲೈಬ್ರರಿ ಪಾಪ, ಹೇಳಿದಷ್ಟನ್ನೇ ಬಿಡಿಸುತ್ತದೆ. ಸಹಾಯಪುಟದ ಆ ಸಾಲನ್ನು ತಾವು ಸದ್ದಿಲ್ಲದೆ ಅಳಿಸಿದಿರಿ. ಊರೂರಿನ ಅಂಗಡಿಗಳ ಹಳೆಯ ಫೈಲುಗಳಲ್ಲಿ ಕೂತಿರುವ ಕಡಿಮೆ ಅಳತೆಯನ್ನು ಯಾರು ಅಳಿಸಬೇಕು?

ನನ್ನ ಅಕ್ಕ ದರ್ಜಿ. ಔಷಧಿ ಅಂಗಡಿಯ ಮಹಡಿಯ ಮೇಲೆ ಅವಳದೊಂದು ಕೋಣೆ. ಇಸ್ತ್ರಿ ಮೇಜು ಎಳೆದರೆ ಬಾಗಿಲು ಅರ್ಧವೇ ತೆರೆಯುತ್ತದೆ. ಪಕ್ಕದ ಆಸ್ಪತ್ರೆಯ ಸಮವಸ್ತ್ರವೇ ಅವಳ ಅಂಗಡಿಯ ಉಸಿರು. ಈ ಸಲವೂ ಹಳೆಯ ಫೈಲುಗಳನ್ನು ತೆರೆದು, ನಕ್ಷೆ ಮುದ್ರಿಸಿ, ಕತ್ತರಿಸಿ, ಹೊಲಿದು ಕಳಿಸಿದಳು. ಮರುದಿನವೇ ಹಿರಿಯ ನರ್ಸು ಹೊಸ ಅಂಗಿ ತೊಟ್ಟು ಬಾಗಿಲಿಗೆ ಬಂದು ನಿಂತರು.

“ನೋಡಮ್ಮ, ಕೈ ಇಷ್ಟೇ ಏಳೋದು. ಗ್ಲೂಕೋಸ್ ಬಾಟ್ಲಿ ಸಿಗಿಸೋಕೆ ನಾವೇನು ಸ್ಟೂಲ್ ಹತ್ಬೇಕಾ?”

“ಅಯ್ಯೋ ಸಿಸ್ಟರ್, ನಿಮ್ಮ ಅಳತೆ ನಾನು ಮುಟ್ಟೇ ಇಲ್ಲ!”

“ಹಾಗಾದ್ರೆ ನಾವೆಲ್ಲಾ ಒಟ್ಟಿಗೇ ದಪ್ಪ ಆದ್ವಾ?”

ಅಂಗಿಗಳೆಲ್ಲ ಮೂಟೆ ಕಟ್ಟಿಕೊಂಡು ವಾಪಸು ಬಂದವು. ಸರಿಮಾಡಿ ಕೊಡು, ಇಲ್ಲದಿದ್ದರೆ ಮುಂದಿನ ಹೊಲಿಗೆ ಬೇರೆ ಅಂಗಡಿಗೆ ಎಂದು ಹೇಳಿ ಹೋದರಂತೆ. ಅಕ್ಕ ನನಗೆ ಫೋನು ಮಾಡಿದಳು. “ನಿಮ್ಮೋರು ಏನ್ ಮಾಡಿದ್ರೋ? ನೀನು ಹೇಳ್ದೆ ಅಂತ ತಾನೇ ನಾನು ಚಾಕ್‌ಪೀಸಲ್ಲಿ ಗೆರೆ ಎಳೆಯೋದು ಬಿಟ್ಟಿದ್ದು?” ನನಗೆ ನಾಚಿಕೆಯಾಯಿತು. ಆಮೇಲೆ ತಮ್ಮ ಮೇಲೆ ಸಿಟ್ಟು ಬಂತು. ನಾಚಿಕೆಗಿಂತ ಅದೇ ವಾಸಿ ಅನ್ನಿಸಿ ಅದನ್ನೇ ಇಟ್ಟುಕೊಂಡಿದ್ದೇನೆ.

ಸಿಟ್ಟು ಬಂದರೂ ಕೆಲಸ ಬಿಡಲಿಲ್ಲ. ಪ್ರತಿ ಫೈಲಿನ ಮೊದಲ ಸಾಲಿನಲ್ಲೇ ಅದು ಯಾವ ಆವೃತ್ತಿಯಲ್ಲಿ ಹುಟ್ಟಿದ್ದು ಎಂದು ನಮೂದಾಗಿರುತ್ತದೆ. ಹಳೆಯದಾದರೆ ಕಂಕುಳಿಗೆ ಬೆರಳಷ್ಟು ಸೇರಿಸು, ಹೊಸದಾದರೆ ಸುಮ್ಮನಿರು: ಇಷ್ಟೇ ನಾನು ಬರೆದು ಕಳಿಸಿದ ತಿದ್ದುಪಡಿ. ತಮ್ಮ ಹೊಸ ಲೈಬ್ರರಿಯ ಕೂದಲೂ ಕೊಂಕುವುದಿಲ್ಲ. ತಮ್ಮಿಂದ ಬಂದ ಉತ್ತರ ಒಂದೇ ಸಾಲು: ‘ತಪ್ಪಿನೊಂದಿಗೆ ಹೊಂದಾಣಿಕೆ ನಮ್ಮ ನೀತಿಯಲ್ಲ.’ ಆಹಾ, ಎಂಥ ಸತ್ಯನಿಷ್ಠೆ! ತಪ್ಪು ನಮ್ಮದು, ಅದನ್ನು ಇಷ್ಟು ವರ್ಷ ಸಂಭಾಳಿಸಿದವರು ದರ್ಜಿಗಳು, ಶಿಕ್ಷೆಯೂ ಅವರಿಗೇ? ಹಳೆಯ ಲೈಬ್ರರಿಯ ಮೇಲೆ ನನಗೆ ಯಾವ ಮಮಕಾರವೂ ಇಲ್ಲ. ಅಕ್ಕನ ಮೇಲೆ ಇದೆ. ನಮ್ಮ ಮಾತು ನಂಬಿ ಫೈಲು ಉಳಿಸಿಟ್ಟುಕೊಂಡ ಎಲ್ಲರ ಮೇಲೂ ಇದೆ.

ಆದ್ದರಿಂದ ನನ್ನ ಬೇಡಿಕೆ: ಮುಂದಿನ ಸಭೆಯಲ್ಲಿ ಆ ತಿದ್ದುಪಡಿಯನ್ನು ಮತಕ್ಕೆ ಹಾಕಿ. ಕ್ಯಾಮೆರಾ ಮುಂದೆ ಕೈ ಎತ್ತಿ ಮತ ಹಾಕುವುದು ನಮ್ಮ ಪದ್ಧತಿ ತಾನೇ? ಇನ್ನೊಂದು ಸಂಗತಿ. ತಂತ್ರಾಂಶದ ಜೊತೆ ಎಲ್ಲರಿಗೂ ಹೋಗುವ ಮಾದರಿ ಫೈಲಿನಲ್ಲಿರುವುದು ತಮ್ಮದೇ ಮೈಯಳತೆ, ಅದೂ ಹಳೆಯ ಆವೃತ್ತಿಯದು. ಅಕ್ಕ ಅದನ್ನು ಹೊಸ ಆವೃತ್ತಿಯಲ್ಲಿ ತೆರೆದು, ಒಂದು ಅಂಕಿಯನ್ನೂ ಬದಲಿಸದೆ, ತಮಗೊಂದು ಕೋಟು ಹೊಲಿದಿದ್ದಾಳೆ. ಒಳ್ಳೆಯ ಬಟ್ಟೆ, ಗಟ್ಟಿ ಹೊಲಿಗೆ. ಅಂಚೆಗೆ ಹಾಕಿದ್ದೇನೆ. ದಯವಿಟ್ಟು ಅದನ್ನೇ ತೊಟ್ಟು ಸಭೆಗೆ ಬನ್ನಿ. ನನ್ನ ತಿದ್ದುಪಡಿಗೆ ವಿರೋಧವಿದ್ದರೆ, ಕೈ ಎತ್ತಿ.

ಇಂತಿ,
ಅಕ್ಕನ ಕೋಣೆಯ ಮೂಲೆಯಲ್ಲಿ ಕೂತು ನರ್ಸುಗಳ ಅಂಗಿಯ ಹೊಲಿಗೆ ಬಿಚ್ಚುತ್ತಿರುವ,
ತಮ್ಮದೇ ಸಮಿತಿಯ ಒಬ್ಬ ಸ್ವಯಂಸೇವಕ