ಸೇತುವೆಯ ಮೇಲಿನ ರಾಕ್ಷಸ

ಲೋ ಗುಂಡ,

ನಮ್ಮ ಕಂಪನಿ ಬಿಟ್ಟ ಮೇಲೆ ನೀನು ಮಾಡಿದ ವಿಡಿಯೋ ಗೇಮನ್ನು ಇವತ್ತು ಆಡಿದೆ. ಸೇತುವೆಯ ಮೇಲೆ ರಾಕ್ಷಸನೊಬ್ಬ ಬರಿಗೈಯಲ್ಲಿ ಕುಳಿತು, "ಬಾರಪ್ಪಾ, ಕೂತ್ಕೋ" ಎಂದ. ನಾನು ನಂಬುತ್ತೇನೆಯೇ? ನಾವಿಬ್ಬರೂ ಮಾಡಿದ ಆಟಗಳಲ್ಲಿ ನಕ್ಕು ಕರೆಯುವವನ ಹಿಂದೆ ಬಿಲ್ಲುಗಾರರನ್ನು ಅಡಗಿಸುತ್ತಿದ್ದವನು ನೀನೇ ತಾನೆ? ದೂರದಿಂದಲೇ ಬಾಣ ಬಿಟ್ಟೆ, ಅವನು ಬಿದ್ದ. ಹಿಂದಿನಿಂದ ಯಾರೂ ಬರಲಿಲ್ಲ. ಅಲ್ಲಿಂದ ಮುಂದೆ ಊರೂರಲ್ಲೂ ಜನ ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು.

ಆಫೀಸಿನಲ್ಲಿ ಪಕ್ಕದ ಮೇಜಿನ ಚಿತ್ರಗಾರ್ತಿ ನಕ್ಕಳು: "ಅಯ್ಯೋ ಸಾರ್, ಅವ್ನು ದಾರಿ ಹೇಳೋಕೆ ಕೂತಿದ್ದ! ನಾವೆಲ್ಲ ಮಾತಾಡ್ಸಿ ಬಂದ್ವಿ, ನೀವೊಬ್ರೇ ಕೊಂದಿದ್ದು."

ನಾನು ಕೊಲ್ಲುತ್ತೇನೆಂದು ನಿನಗೆ ಗೊತ್ತಿತ್ತು, ಅಲ್ಲವೇ? ಕೆಲಸ ಬಿಟ್ಟ ದಿನ ನೀನೂ ನನ್ನ ಮುಂದೆ ಹಾಗೆಯೇ ಬಂದು ಕುಳಿತಿದ್ದೆ; ಆಗಲೂ ನಾನು ನಂಬಲಿಲ್ಲ.

ಮತ್ತೆ ಮೊದಲಿನಿಂದ ಆಡಿದೆ. ಈ ಸಲ ಅವನ ಪಕ್ಕ ಕುಳಿತೆ. ಬಿಲ್ಲನ್ನು ಮಾತ್ರ ಕೆಳಗಿಡಲಿಲ್ಲ.